ಆಗಸ್ಟ್ 14ಕ್ಕೆ ಬರೀ ಹೆಣದ ಫೋಟೋ ತೋರಿಸ್ಬೇಡಿ: ಪ್ರಾಂಶುಪಾಲರಿಗೂ ಇತಿಹಾಸದ ಮೇಷ್ಟ್ರುಗಳಿಗೂ ಒಂದು ಬಹಿರಂಗ ಪತ್ರ

ಮಾನ್ಯ ಪ್ರಾಂಶುಪಾಲರೇ, ಇತಿಹಾಸ ಹೇಳ್ಕೊಡೋ ಮೇಷ್ಟ್ರೇ, ಮೇಡಂಗಳೇ, ಎಲ್ಲರಿಗೂ ನಮಸ್ಕಾರ.

2021ರಲ್ಲಿ ಕೇಂದ್ರ ಸರ್ಕಾರ ಆಗಸ್ಟ್ 14ನ್ನ ದೇಶ ವಿಭಜನೆಯ ಭೀಕರತೆ ನೆನೆಯೋ ದಿನ ಅಂತ ಘೋಷಿಸ್ತು, ಆಮೇಲೆ ನಮ್ಮ ಕಡೆ ಕಾಲೇಜುಗಳಲ್ಲೂ ಆ ದಿನ ಒಂದು ಫೋಟೋ ಪ್ರದರ್ಶನ, ಒಂದು ಉಪನ್ಯಾಸ ಅಂತ ಶುರುವಾಗಿದೆ. ಈ ದಿನ ಬೇಡ ಅಂತ ಹೇಳೋಕೆ ನಾನು ಪತ್ರ ಬರೀತಿಲ್ಲ, ಅದನ್ನ ಮೊದಲೇ ಹೇಳ್ಬಿಡ್ತೀನಿ. ಸತ್ತವರು ಎಷ್ಟು ಅನ್ನೋದಕ್ಕೆ 2 ಲಕ್ಷದಿಂದ 20 ಲಕ್ಷದವರೆಗೂ ಅಂದಾಜು ಇದೆ, ಹೆಚ್ಚಿನವರು 10 ಲಕ್ಷದ ಆಸುಪಾಸು ಅಂತಾರೆ, ಮನೆಮಠ ಬಿಟ್ಟು ಓಡಿದವರು 1 ಕೋಟಿ 20 ಲಕ್ಷಕ್ಕೂ ಜಾಸ್ತಿ. ಇಷ್ಟು ಜನರನ್ನ ನೆನೆಯೋಕೆ ವರ್ಷಕ್ಕೆ ಒಂದು ದಿನ ಇರಲೇಬೇಕು, ಅದು ಬಂದದ್ದೇ ತಡ ಆಯ್ತು ಅನ್ನೋ ಪೈಕಿ ನಾನು.

ನನ್ನ ತಕರಾರು ಇರೋದು ಆ ದಿನ ಮಕ್ಕಳಿಗೆ ಏನು ಹೇಳ್ತೀವಿ ಅನ್ನೋದರ ಬಗ್ಗೆ. ಹೆಣ ತುಂಬಿದ ರೈಲಿನ ಫೋಟೋ, ಎತ್ತಿನ ಗಾಡಿ ಸಾಲು, ಹೊತ್ತಿ ಉರಿಯೋ ಲಾಹೋರ್ ಬೀದಿ, ಅದರ ಪಕ್ಕ ನಾಲ್ಕು ಸಾಲು ಬರಹ, ಆಮೇಲೆ ಒಬ್ಬರು ಬಂದು ಇದಕ್ಕೆಲ್ಲ ಇಂಥವರೇ ಕಾರಣ ಅಂತ ಬೆರಳು ತೋರಿಸಿ ಹೋಗ್ತಾರೆ. ಹದಿನೇಳು ಹದಿನೆಂಟು ವಯಸ್ಸಿನ ಹುಡುಗ್ರು ಅದನ್ನ ನೋಡಿ ಸಿಟ್ಟು ಹೊತ್ಕೊಂಡು ಹೊರಗೆ ಬರ್ತಾರೆ, ಆ ಸಿಟ್ಟು ನೇರ ಹೋಗಿ ಬೀಳೋದು ಪಕ್ಕದ ಬೆಂಚಲ್ಲಿ ಕೂತಿರೋ ಅದೇ ಕ್ಲಾಸಿನ ಹುಡುಗನ ಮೇಲೆ. ಆದ್ರೆ ಈ ಹೆಣಗಳು ಬೀಳೋದಕ್ಕೆ ಮುಂಚೆ ಯಾವ ಕೋಣೇಲಿ ಯಾವ ತೀರ್ಮಾನ ಆಯ್ತು, ಯಾವ ತಾರೀಖಿಗೆ ಆಯ್ತು, ಯಾರನ್ನ ಕೇಳಿದ್ರು, ಯಾರನ್ನ ಕೇಳಲಿಲ್ಲ ಅನ್ನೋದು ಆ ಪ್ರದರ್ಶನದಲ್ಲಿ ಇರಬೇಕಲ್ವಾ? ನಾನು ಕೇಳ್ತಿರೋದು ಅದೊಂದೇ. ಫೋಟೋ ತೋರಿಸಿ, ಅದರ ಜೊತೆ ತೀರ್ಮಾನಗಳನ್ನೂ ತೋರಿಸಿ.

ನಮ್ಮ ಕರ್ನಾಟಕದವರಿಗೆ ಇದು ಯಾವತ್ತೂ ದೂರದ ಕತೆ ಆಗೇ ಉಳಿದಿದೆ, ಅದಕ್ಕೆ ಕಾರಣನೂ ಇದೆ. 1947ರ ಆಗಸ್ಟ್‌ನಲ್ಲಿ ನಾವು ಕನ್ನಡದವರು ಒಂದೇ ಸರ್ಕಾರದ ಕೆಳಗೆ ಇರಲಿಲ್ಲ, ಧಾರವಾಡ ಬೆಳಗಾವಿ ಮುಂಬೈ ಪ್ರಾಂತ್ಯದಲ್ಲಿ, ಬಳ್ಳಾರಿ ಮಂಗಳೂರು ಮದ್ರಾಸಲ್ಲಿ, ಬೀದರ್ ಗುಲ್ಬರ್ಗ ರಾಯಚೂರು ನಿಜಾಮನ ಕೈಲಿ. ಮೈಸೂರಿನವರಿಗೆ ಆಗ ಜವಾಬ್ದಾರಿ ಸರ್ಕಾರದ್ದೇ ಚಿಂತೆ, ಸೆಪ್ಟೆಂಬರಲ್ಲಿ ಮೈಸೂರು ಚಲೋ ಆಗಿ ಅಕ್ಟೋಬರ್ ಕೊನೇಲಿ ಕೆ.ಸಿ. ರೆಡ್ಡಿ ಮಂತ್ರಿಮಂಡಲ ಬಂತು. ಪಂಜಾಬಿನ ಬೆಂಕಿ ಇಲ್ಲಿಗೆ ಪೇಪರ್ ಸುದ್ದಿಯಾಗಿ ಬಂತು, ಆಮೇಲೆ ಹಿಂದಿ ಸಿನಿಮಾ ಆಗಿ ಬಂತು, ಈಗ ಮೊಬೈಲ್‌ನಲ್ಲಿ ಫಾರ್ವರ್ಡ್ ಆಗಿ ಬರ್ತಿದೆ. ಹಾಗಾಗಿ ನೀವು ಕ್ಲಾಸಲ್ಲಿ ಏನು ಹೇಳ್ತೀರೋ ಅದೇ ನಮ್ಮ ಮಕ್ಕಳಿಗೆ ವಿಭಜನೆ. ಮನೇಲಿ ಅಜ್ಜಿ ತಾತ ಕೂತು ಹೇಳೋಕೆ ನಮ್ಮಲ್ಲಿ ಬಹುಪಾಲು ಮನೆಗಳಲ್ಲಿ ಅಂಥ ನೆನಪೇ ಇಲ್ಲ.

ಮೊದಲು ತಾರೀಖುಗಳನ್ನ ಬೋರ್ಡ್ ಮೇಲೆ ಬರೀರಿ ಸಾರ್. 1947ರ ಫೆಬ್ರವರಿ 20ಕ್ಕೆ ಬ್ರಿಟನ್ ಪ್ರಧಾನಿ ಆಟ್ಲಿ 1948ರ ಜೂನ್ ಒಳಗೆ ನಾವು ಹೊರಡ್ತೀವಿ ಅಂದ್ರು. ಮಾರ್ಚ್ ಕೊನೇಲಿ ವೈಸರಾಯ್ ಆಗಿ ಮೌಂಟ್‌ಬ್ಯಾಟನ್ ಬಂದ್ರು. ಜೂನ್ 3ಕ್ಕೆ ವಿಭಜನೆ ಪ್ಲಾನ್ ಘೋಷಣೆ ಆಯ್ತು, ಮಾರನೇ ದಿನ ಪತ್ರಿಕಾಗೋಷ್ಠೀಲಿ ಆಗಸ್ಟ್ 15 ಅನ್ನೋ ತಾರೀಖು ಬಾಯಿಗೆ ಬಂತು, ಅಂದ್ರೆ ಮೊದಲು ಹೇಳಿದ್ದಕ್ಕಿಂತ ಹತ್ತು ತಿಂಗಳು ಮುಂಚೆ! ಅಷ್ಟು ಆತುರ ಯಾಕೆ ಅನ್ನೋದಕ್ಕೆ ಅವರವರ ಸಮರ್ಥನೆ ಇದೆ, ಪರಿಸ್ಥಿತಿ ಕೈ ಮೀರ್ತಿತ್ತು ಅಂತಾರೆ, ಕೇಂದ್ರದಲ್ಲಿ ಕಾಂಗ್ರೆಸ್ಸು ಮುಸ್ಲಿಂ ಲೀಗು ಇಬ್ಬರೂ ಒಂದೇ ಸರ್ಕಾರದಲ್ಲಿ ಕೂತು ಒಬ್ಬರ ಫೈಲ್ ಒಬ್ಬರು ತಡೀತಿದ್ರು ಅಂತಾರೆ, ಅದೂ ಸುಳ್ಳಲ್ಲ. ಆದ್ರೆ ನಲವತ್ತು ಕೋಟಿ ಜನ ಇರೋ ದೇಶ ಒಡೆಯೋಕೆ ಎಪ್ಪತ್ತು ಚಿಲ್ಲರೆ ದಿನ.

ಗಡಿ ಎಳೆಯೋಕೆ ಲಂಡನ್‌ನಿಂದ ಸಿರಿಲ್ ರಾಡ್‌ಕ್ಲಿಫ್ ಅನ್ನೋ ವಕೀಲರನ್ನ ಕರೆಸಿದ್ರು, ಅವರು ಅದಕ್ಕೆ ಮುಂಚೆ ಇಂಡಿಯಾ ನೋಡಿದವರೇ ಅಲ್ಲ. ದೆಹಲಿಗೆ ಬಂದಿದ್ದು ಜುಲೈ 8ಕ್ಕೆ. ಪಂಜಾಬಿಗೊಂದು, ಬಂಗಾಳಕ್ಕೊಂದು ಆಯೋಗ, ಒಂದೊಂದರಲ್ಲೂ ನಾಲ್ಕು ಜನ ಜಡ್ಜು, ಇಬ್ಬರನ್ನ ಕಾಂಗ್ರೆಸ್ ಹೆಸರಿಸಿದ್ದು, ಇಬ್ಬರನ್ನ ಲೀಗ್ ಹೆಸರಿಸಿದ್ದು. ಎಲ್ಲ ಮುಖ್ಯ ಪ್ರಶ್ನೆಗೂ ಅವರು ಎರಡೆರಡಾಗಿ ಒಡೆದ್ರು, ಕೊನೆಗೆ ಎರಡೂ ಕಡೆ ತೀರ್ಪು ಬರೆದದ್ದು ರಾಡ್‌ಕ್ಲಿಫ್ ಒಬ್ಬರೇ. ಲಾಹೋರಲ್ಲಿ ಕಲ್ಕತ್ತಾದಲ್ಲಿ ವಿಚಾರಣೆ ನಡೆದಾಗ ಅವರು ಅಲ್ಲಿ ಕೂರಲಿಲ್ಲ, ವರದಿ ತರಿಸ್ಕೊಂಡು ಓದಿದ್ರು. ಕೈಲಿದ್ದದ್ದು 1941ರ ಜನಗಣತಿ, ಹಳೇ ನಕ್ಷೆಗಳು, ಐದು ವಾರ. ಪಂಜಾಬಿನ ತೀರ್ಪು ಆಗಸ್ಟ್ 12ರ ಹೊತ್ತಿಗೆ ಮುಗಿದಿತ್ತು, ಆದ್ರೆ ಅದನ್ನ ಪ್ರಕಟ ಮಾಡಿದ್ದು ಆಗಸ್ಟ್ 17ಕ್ಕೆ, ಅಂದ್ರೆ ಬಾವುಟ ಹಾರಿಸಿ, ಭಾಷಣ ಮಾಡಿ, ಸಿಹಿ ಹಂಚಿ ಎಲ್ಲ ಆದಮೇಲೆ. ರಾಡ್‌ಕ್ಲಿಫ್ ತಮ್ಮ ಕಾಗದಪತ್ರ ಸುಟ್ಟು ವಾಪಸ್ ಹೋದವರು ಮತ್ತೆ ಈ ಕಡೆ ಬರಲೇ ಇಲ್ಲ.

ಈ ಆಗಸ್ಟ್ 15ರಿಂದ 17ರವರೆಗಿನ ದಿನಗಳ ಬಗ್ಗೆ ದಯವಿಟ್ಟು ಒಂದು ಪೂರ್ತಿ ಪೀರಿಯಡ್ ಕೊಡಿ. ಯಾಕಂದ್ರೆ ಆ ದಿನಗಳಲ್ಲಿ ಲಕ್ಷಾಂತರ ಜನಕ್ಕೆ ತಾವು ಯಾವ ದೇಶದಲ್ಲಿ ಇದೀವಿ ಅನ್ನೋದೇ ಗೊತ್ತಿರಲಿಲ್ಲ. ಬಂಗಾಳದ ಮುರ್ಶಿದಾಬಾದ್‌ನಲ್ಲಿ ಮುಸ್ಲಿಮರು ಜಾಸ್ತಿ, ಅಲ್ಲಿ ಪಾಕಿಸ್ತಾನದ ಬಾವುಟ ಏರ್ತು, ಖುಲ್ನಾದಲ್ಲಿ ಹಿಂದೂಗಳು ಸ್ವಲ್ಪ ಜಾಸ್ತಿ, ಅಲ್ಲಿ ಭಾರತದ ಬಾವುಟ ಏರ್ತು, 17ನೇ ತಾರೀಖು ತೀರ್ಪು ಬಂದಾಗ ನೋಡಿದ್ರೆ ಎರಡೂ ತಿರುಗುಮುರುಗು. ಪಂಜಾಬಿನ ಗುರುದಾಸ್‌ಪುರವೂ ಆ ಎರಡು ದಿನ ಪಾಕಿಸ್ತಾನದ ಲೆಕ್ಕದಲ್ಲೇ ಇತ್ತು, ಆಮೇಲೆ ಒಂದು ತಹಸೀಲು ಬಿಟ್ಟು ಉಳಿದದ್ದು ಭಾರತಕ್ಕೆ ಬಂತು. ಚಿತ್ತಗಾಂಗ್ ಬೆಟ್ಟಸೀಮೇಲಿ ಇದ್ದವರು ಬಹುಪಾಲು ಬೌದ್ಧ ಚಕ್ಮಾಗಳು, ನೂರಕ್ಕೆ 97ರಷ್ಟು ಜನ ಮುಸ್ಲಿಮರಲ್ಲ, ಅವರು ರಂಗಾಮಾಟೀಲಿ ಭಾರತದ ಬಾವುಟ ಹಾರಿಸಿದ್ರು, ಆದ್ರೆ ಚಿತ್ತಗಾಂಗ್ ಬಂದರಿಗೆ ಹಿಂದಿನ ಬೆಟ್ಟ ಬೇಕು ಅನ್ನೋ ಲೆಕ್ಕದಲ್ಲಿ ಅದು ಪಾಕಿಸ್ತಾನಕ್ಕೆ ಹೋಯ್ತು. ಪಶ್ಚಿಮ ಬಂಗಾಳದ ನಾದಿಯಾ ಜಿಲ್ಲೆಯ ಕೆಲವು ಕಡೆ ಇವತ್ತಿಗೂ ಆಗಸ್ಟ್ 18ಕ್ಕೆ ಧ್ವಜ ಹಾರಿಸ್ತಾರೆ, ಅವರಿಗೆ ಸ್ವಾತಂತ್ರ್ಯ ಬಂದದ್ದು ಆವತ್ತೇ.

ಧರ್ಮ ನೋಡಿ ಗೆರೆ ಎಳೆದ್ರು ಅಂತ ಒಂದೇ ಮಾತಲ್ಲಿ ಹೇಳ್ಬಿಡ್ತೀವಿ, ಅದೂ ಪೂರ್ತಿ ನಿಜ ಅಲ್ಲ ಅನ್ನೋದು ಇದರಿಂದಲೇ ಗೊತ್ತಾಗುತ್ತೆ. ಆಯೋಗಕ್ಕೆ ಕೊಟ್ಟ ಆದೇಶದಲ್ಲೇ ಜನಸಂಖ್ಯೆ ಜೊತೆ ಇತರ ಅಂಶಗಳನ್ನೂ ನೋಡಿ ಅಂತ ಇತ್ತು, ಆ ಇತರ ಅಂಶ ಅಂದ್ರೆ ಏನು ಅಂತ ಮಾತ್ರ ಬಿಡಿಸಿ ಹೇಳಿರಲಿಲ್ಲ. ವರ್ಷಗಳಾದಮೇಲೆ ಪತ್ರಕರ್ತ ಕುಲದೀಪ್ ನಯ್ಯರ್ ಹೋಗಿ ಕೇಳಿದಾಗ ರಾಡ್‌ಕ್ಲಿಫ್ ಹೇಳಿದ್ದು, ಲಾಹೋರನ್ನ ಭಾರತಕ್ಕೆ ಕೊಡೋ ಯೋಚನೆ ಇತ್ತು, ಆದ್ರೆ ಪಾಕಿಸ್ತಾನಕ್ಕೆ ದೊಡ್ಡ ನಗರವೇ ಉಳಿಯಲ್ಲ ಅಂತ ಅದನ್ನ ಆ ಕಡೆ ಹಾಕಿದೆ ಅಂತ. ಒಂದು ಊರಿನ ಲಕ್ಷಾಂತರ ಜನರ ಬಾಳು ಹೀಗೆ ತೀರ್ಮಾನ ಆಯ್ತು. ಕಾಲುವೆ ಆ ಕಡೆ, ಕಾಲುವೆಗೆ ನೀರು ಬಿಡೋ ಹೆಡ್‌ವರ್ಕ್ಸ್ ಈ ಕಡೆ, 1948ರ ಏಪ್ರಿಲ್ 1ಕ್ಕೆ ನೀರು ನಿಂತೇ ಹೋಯ್ತು, ಅದಕ್ಕೊಂದು ಒಪ್ಪಂದ ಆಗೋಕೆ 1960 ಬೇಕಾಯ್ತು. ಸೆಣಬು ಬೆಳೆಯೋ ಗದ್ದೆ ಬಹುಪಾಲು ಪೂರ್ವ ಬಂಗಾಳದಲ್ಲಿ, ಸೆಣಬಿನ ಗಿರಣಿ ಎಲ್ಲ ಕಲ್ಕತ್ತಾ ಸುತ್ತ. ಕೂಚ್‌ಬಿಹಾರ್ ಹತ್ರ ಒಂದು ದೇಶದೊಳಗೆ ಇನ್ನೊಂದು ದೇಶದ ತುಂಡು ನೆಲ ಅಂತ 162 ಜಾಗ ಉಳ್ಕೊಂಡ್ವು, ಅಲ್ಲಿನ ಜನಕ್ಕೆ ರೇಷನ್ ಕಾರ್ಡೂ ಇಲ್ಲ ಓಟೂ ಇಲ್ಲ, ಅದು ಬಗೆಹರಿದದ್ದು 2015ರಲ್ಲಿ.

ಇನ್ನು ಜನ ಕೇಳಿದ್ರು, ಅದಕ್ಕೇ ಕೊಟ್ರು ಅಂತಾರಲ್ಲ, ಅದನ್ನ ನೋಡೋಣ. 1909ರಲ್ಲಿ ಮಾರ್ಲೆ ಮಿಂಟೋ ಸುಧಾರಣೆ ಅಂತ ಮುಸ್ಲಿಮರಿಗೆ ಬೇರೆ ಮತಕ್ಷೇತ್ರ ಮಾಡಿದ್ರು, ಅಲ್ಲಿಂದ ಮುಸ್ಲಿಂ ಅಭ್ಯರ್ಥಿ ಗೆಲ್ಲೋಕೆ ಹಿಂದೂ ಓಟು ಬೇಡ, ಹಿಂದೂ ಅಭ್ಯರ್ಥಿಗೆ ಮುಸ್ಲಿಂ ಓಟು ಬೇಡ. ಹಾಗಾದ್ಮೇಲೆ ಓಟು ಕೇಳೋವಾಗ ಪಕ್ಕದ ಮನೆಯವನಿಗೂ ಒಪ್ಪೋ ಹಾಗೆ ಮಾತಾಡೋ ಗರಜು ಯಾರಿಗೂ ಉಳೀಲಿಲ್ಲ. ಅಷ್ಟಾದ್ರೂ 1937ರ ಚುನಾವಣೇಲಿ ಮುಸ್ಲಿಂ ಸೀಟುಗಳಲ್ಲಿ ಕಾಲು ಭಾಗನೂ ಲೀಗ್‌ಗೆ ಬರಲಿಲ್ಲ. 1945-46ಕ್ಕೆ ಬಂದ್ರೆ ಕೇಂದ್ರದ 30 ಮುಸ್ಲಿಂ ಸೀಟು 30ನ್ನೂ ಲೀಗ್ ಗೆದ್ದಿತು, ಪ್ರಾಂತ್ಯಗಳಲ್ಲೂ ಮುಕ್ಕಾಲಿಗಿಂತ ಜಾಸ್ತಿ ಸೀಟು, ಇದನ್ನ ಮುಚ್ಚಿಡಬಾರದು, ಎಂಟೇ ವರ್ಷದಲ್ಲಿ ಇಷ್ಟು ಬದಲಾದದ್ದು ಯಾಕೆ ಅಂತ ಮಕ್ಕಳ ಕೈಲೇ ಹುಡುಕಿಸಿ. ಆದ್ರೆ ಓಟು ಹಾಕಿದವರು ಯಾರು? ಆಸ್ತಿ ಇದ್ದವರು, ಕಂದಾಯ ಕಟ್ಟೋರು, ಓದಿದವರು, ಬ್ರಿಟಿಷ್ ಇಂಡಿಯಾದ ಜನಸಂಖ್ಯೇಲಿ ಸುಮಾರು 14%. ಕೂಲಿಯವರು, ನೇಕಾರರು, ಗೇಣಿದಾರರು, ಬಹುಪಾಲು ಹೆಂಗಸರು, ಇವರ್ಯಾರನ್ನೂ ಕೇಳಲಿಲ್ಲ. ಆಮೇಲೆ ರೈಲಿನ ಚಾವಣಿ ಮೇಲೆ ಕೂತು ಹೋದವರು ಮಾತ್ರ ಇವರೇ.

ವಾಯವ್ಯ ಗಡಿ ಪ್ರಾಂತ್ಯದ ಕತೆ ಇನ್ನೂ ನೋವಿಂದು. ಅಲ್ಲಿ ನೂರಕ್ಕೆ ತೊಂಬತ್ತಕ್ಕೂ ಜಾಸ್ತಿ ಮುಸ್ಲಿಮರು, ಆದ್ರೂ 1946ರಲ್ಲಿ ಗೆದ್ದದ್ದು ಕಾಂಗ್ರೆಸ್, 50ರಲ್ಲಿ 30 ಸೀಟು, ಅದಕ್ಕೆ ಕಾರಣ ಖಾನ್ ಅಬ್ದುಲ್ ಗಫಾರ್ ಖಾನ್ ಕಟ್ಟಿದ ಖುದಾಯಿ ಖಿದ್ಮತ್‌ಗಾರ್ ಚಳವಳಿ. ಒಂದೂವರೆ ವರ್ಷದೊಳಗೆ ಅದೇ ಜನಕ್ಕೆ ಜನಮತಗಣನೆ ಇಟ್ಟು ಭಾರತವೋ ಪಾಕಿಸ್ತಾನವೋ ಅಂತ ಎರಡೇ ಆಯ್ಕೆ ಕೊಟ್ರು, ಪಠಾಣರದೇ ಬೇರೆ ನಾಡು ಅನ್ನೋ ಮೂರನೇದು ಬೇಕು ಅಂದದ್ದನ್ನ ಒಪ್ಪಲಿಲ್ಲ, ಅವರು ಬಹಿಷ್ಕಾರ ಹಾಕಿದ್ರು, ಮತದಾರರಲ್ಲಿ ಅರ್ಧದಷ್ಟು ಜನ ಬಂದು ಹಾಕಿದ ಓಟಿನ ಮೇಲೆ ಪ್ರಾಂತ್ಯ ಹೋಯ್ತು. ಜೀವನ ಪೂರ್ತಿ ವಿಭಜನೆ ಬೇಡ ಅಂದ ಗಫಾರ್ ಖಾನ್ ಪಾಕಿಸ್ತಾನದಲ್ಲಿ ಮತ್ತೆ ವರ್ಷಗಟ್ಟಲೆ ಜೈಲಲ್ಲಿ ಕಳೆದ್ರು. ಅಸ್ಸಾಮಿನ ಸಿಲ್ಹೆಟ್‌ನಲ್ಲೂ ಹಾಗೇ ಜುಲೈನಲ್ಲಿ ಓಟಾಯ್ತು, 2,39,619 ಪೂರ್ವ ಬಂಗಾಳದ ಕಡೆ, 1,84,041 ಅಸ್ಸಾಮಲ್ಲೇ ಇರ್ತೀವಿ ಅನ್ನೋ ಕಡೆ, ಆದ್ರೆ ಅಲ್ಲಿ ಚಹಾ ತೋಟದಲ್ಲಿ ದುಡೀತಿದ್ದ ಕೂಲಿಕಾರರನ್ನ ನೀವು ಇಲ್ಲಿಯವರಲ್ಲ ಅಂತ ಓಟಿನಿಂದ ಹೊರಗಿಟ್ಟಿದ್ರು.

ಒಂದು ಮಾತನ್ನ ನೇರವಾಗೇ ಹೇಳ್ತೀನಿ. ಮುಸ್ಲಿಮರೆಲ್ಲ ಪಾಕಿಸ್ತಾನ ಕೇಳಿದ್ರು ಅನ್ನೋ ಪಾಠ ಸುಳ್ಳು ಪಾಠ. ಸಿಂಧ್‌ನ ಪ್ರಧಾನಿ ಆಗಿದ್ದ ಅಲ್ಲಾ ಬಕ್ಷ್ ಸೂಮ್ರೊ 1940ರ ಏಪ್ರಿಲಲ್ಲಿ, ಮುಸ್ಲಿಮರಿಗೆ ಬೇರೆ ನಾಡು ಬೇಕು ಅಂತ ಲೀಗ್ ಲಾಹೋರಲ್ಲಿ ನಿರ್ಣಯ ಮಾಡಿದ ಮುಂದಿನ ತಿಂಗಳೇ, ದೆಹಲೀಲಿ ಆಜಾದ್ ಮುಸ್ಲಿಂ ಸಮ್ಮೇಳನದ ಅಧ್ಯಕ್ಷತೆ ವಹಿಸಿ ದೇಶ ಒಡೆಯೋದು ಬೇಡ ಅಂದ್ರು, 1943ರಲ್ಲಿ ಅವರನ್ನ ಶಿಕಾರ್‌ಪುರದಲ್ಲಿ ಕೊಂದ್ರು. ದೇವಬಂದ್‌ನ ಹುಸೇನ್ ಅಹ್ಮದ್ ಮದನಿ, ಮೌಲಾನಾ ಆಜಾದ್, ಪಂಜಾಬ್ ಪ್ರಾಂತ್ಯದ ಸರ್ಕಾರ ನಡೆಸ್ತಿದ್ದ ಖಿಜರ್ ಹಯಾತ್ ತಿವಾನಾ, ಇವರೆಲ್ಲ ಬೇಡ ಅಂದವರೇ. ಈ ಹೆಸರುಗಳನ್ನ ನಮ್ಮ ಮಕ್ಕಳು ಒಂದು ಸಲವಾದ್ರೂ ಕೇಳ್ಬೇಕು. ಹಾಗೇ ಎರಡು ರಾಷ್ಟ್ರ ಅನ್ನೋ ಮಾತು ಒಂದೇ ಕಡೆಯಿಂದ ಬಂದದ್ದೂ ಅಲ್ಲ, 1924ರಲ್ಲೇ ಲಾಲಾ ಲಜಪತ್ ರಾಯ್ ಪಂಜಾಬನ್ನ ಎರಡು ಮಾಡೋ ಸಲಹೆ ಬರೆದಿದ್ರು, 1937ರಲ್ಲಿ ಅಹಮದಾಬಾದಿನ ಹಿಂದೂ ಮಹಾಸಭಾ ಅಧಿವೇಶನದಲ್ಲಿ ಸಾವರ್ಕರ್ ಈ ದೇಶದಲ್ಲಿ ಮುಖ್ಯವಾಗಿ ಎರಡು ರಾಷ್ಟ್ರ ಇವೆ, ಹಿಂದೂಗಳದು ಮುಸ್ಲಿಮರದು ಅಂದ್ರು. ಅವರು ದೇಶ ಒಡೀರಿ ಅನ್ನಲಿಲ್ಲ, ಅಖಂಡವಾಗೇ ಇರಲಿ ಅಂದವರು, ಅದನ್ನೂ ಹೇಳಿ, ಆದ್ರೆ ಎರಡು ರಾಷ್ಟ್ರ ಅನ್ನೋ ಬೀಜ ಎಷ್ಟು ಹೊಲದಲ್ಲಿ ಬಿತ್ತಿದ್ರು ಅನ್ನೋದು ಗೊತ್ತಾಗ್ಲಿ. 1947ರ ಮಾರ್ಚ್ 8ಕ್ಕೆ ಪಂಜಾಬ್ ಒಡೀರಿ ಅಂತ ನಿರ್ಣಯ ಮಾಡಿದ್ದು ಕಾಂಗ್ರೆಸ್ ಕಾರ್ಯಸಮಿತಿ. ಜೂನ್ 3ರ ಪ್ಲಾನ್ ಅಖಿಲ ಭಾರತ ಕಾಂಗ್ರೆಸ್ ಸಮಿತಿ (ಎಐಸಿಸಿ) ಮುಂದೆ ಬಂದಾಗ ವಿರೋಧ ಓಟು ಹಾಕಿದವರು 29 ಜನ ಅಷ್ಟೇ. ಸುಭಾಷ್ ಬೋಸರ ಅಣ್ಣ ಶರತ್ ಬೋಸ್ ಮತ್ತು ಬಂಗಾಳದ ಲೀಗ್ ಸರ್ಕಾರದ ಮುಖ್ಯಸ್ಥ ಸುಹ್ರವರ್ದಿ ಸೇರಿ ಬಂಗಾಳ ಒಂದಾಗೇ ಇರಲಿ ಅಂತ ಓಡಾಡಿದ್ರು, ಅದನ್ನ ಯಾವ ದೊಡ್ಡವರೂ ಉಳಿಸೋಕೆ ಹೋಗಲಿಲ್ಲ. ಜಿನ್ನಾರ ಪಾತ್ರ ಇದರಿಂದ ಚಿಕ್ಕದಾಗಲ್ಲ, 1946ರ ಆಗಸ್ಟ್ 16ಕ್ಕೆ ನೇರ ಕಾರ್ಯಾಚರಣೆ ಅಂತ ಕರೆ ಕೊಟ್ಟದ್ದು ಅವರ ಪಕ್ಷ, ಕಲ್ಕತ್ತಾದ ಬೀದೀಲಿ ಮೂರ್ನಾಲ್ಕು ದಿನದಲ್ಲಿ ಸಾವಿರಾರು ಹೆಣ ಬಿದ್ದವು, ಆ ಹೊಣೆ ಅವರದೇ.

ಕಲ್ಕತ್ತಾ ಆದಮೇಲೆ ಅಕ್ಟೋಬರಲ್ಲಿ ನೌಖಾಲಿ, ಅಲ್ಲಿ ಹಿಂದೂಗಳ ಮೇಲೆ. ಅದರ ಸೇಡು ಅಂತ ಬಿಹಾರದಲ್ಲಿ, ಅಲ್ಲಿ ಮುಸ್ಲಿಮರ ಮೇಲೆ. ಅದರ ಸೇಡು ಅಂತ 1947ರ ಮಾರ್ಚಲ್ಲಿ ರಾವಲ್ಪಿಂಡಿ ಸುತ್ತಿನ ಹಳ್ಳಿಗಳಲ್ಲಿ, ಅಲ್ಲಿ ಸಿಖ್ಖರು ಹಿಂದೂಗಳ ಮೇಲೆ. ಪ್ರದರ್ಶನದಲ್ಲಿ ಇದರಲ್ಲಿ ಒಂದನ್ನ ಮಾತ್ರ ತೂಗು ಹಾಕಿ ಉಳಿದದ್ದು ಬಿಟ್ರೆ ಅದು ಅನ್ಯಾಯ, ಸತ್ತವರಿಗೂ ಅನ್ಯಾಯ. ಜೊತೆಗೆ ಇದು ಜನ ಇದ್ದಕ್ಕಿದ್ದ ಹಾಗೆ ಹುಚ್ಚೆದ್ದು ಮಾಡಿದ್ದು ಅನ್ನೋದೂ ಅರ್ಧ ಸತ್ಯ. ಪಂಜಾಬಲ್ಲಿ ಲೀಗ್‌ನ ನ್ಯಾಷನಲ್ ಗಾರ್ಡ್ಸ್, ಆರೆಸ್ಸೆಸ್ ಎರಡನ್ನೂ ಖಿಜರ್ ಸರ್ಕಾರ 1947ರ ಜನವರೀಲಿ ನಿಷೇಧ ಮಾಡಿ ಕೆಲವೇ ದಿನದಲ್ಲಿ ವಾಪಸ್ ತಗೊಂಡಿತು, ಸಿಖ್ಖರ ಅಕಾಲಿ ಜಥಾಗಳು, ಅಂದ್ರೆ ಆಯುಧ ಹಿಡಿದ ಗುಂಪುಗಳು, ಬೇರೆ ತಯಾರಾಗ್ತಿದ್ವು, ಮಹಾಯುದ್ಧ ಮುಗಿಸಿ ಊರಿಗೆ ಬಂದ ಸಿಪಾಯಿಗಳು ಊರೂರಲ್ಲಿ ಇದ್ರು, ಬಂದೂಕು ಹಿಡಿಯೋದು ಗೊತ್ತು, ದಾಳಿ ಮಾಡೋ ಕ್ರಮ ಗೊತ್ತು. ಕಾಪಾಡೋಕೆ ಅಂತ 12 ಜಿಲ್ಲೆಗೆ ಮೇಜರ್ ಜನರಲ್ ರೀಸ್ ಕೈಕೆಳಗೆ ಒಂದು ಗಡಿ ಪಡೆ ಮಾಡಿದ್ರು, ಆಗಸ್ಟ್ 1ಕ್ಕೆ ಶುರು, ಸೆಪ್ಟೆಂಬರ್ 1ರ ರಾತ್ರಿಗೆ ವಿಸರ್ಜನೆ! ಕೊಲೆ ಜಾಸ್ತಿ ಆಗೋ ಹೊತ್ತಿಗೆ ಪಡೆ ಇಲ್ಲ. ಇದನ್ನ ಓದಿದಾಗೆಲ್ಲ ನನಗೆ ಹೊಟ್ಟೇಲಿ ಸಂಕಟ ಆಗುತ್ತೆ.

ಹೆಣ್ಣುಮಕ್ಕಳ ವಿಷಯಕ್ಕೆ ಬರ್ತೀನಿ, ಇದನ್ನ ಮಕ್ಕಳ ಮುಂದೆ ಹೇಗೆ ಹೇಳೋದು ಅಂತ ಹಿಂಜರೀತೀರಿ, ನನಗೆ ಅರ್ಥ ಆಗುತ್ತೆ, ಆದ್ರೂ ಹೇಳ್ಬೇಕು. ರಾವಲ್ಪಿಂಡಿ ಹತ್ರ ಥೋಹಾ ಖಾಲ್ಸಾ ಅನ್ನೋ ಹಳ್ಳೀಲಿ ತೊಂಬತ್ತರಷ್ಟು ಹೆಂಗಸರು ಬಾವಿಗೆ ಹಾರಿದ್ರು, ಎಷ್ಟೋ ಊರಲ್ಲಿ ಅಪ್ಪ ಅಣ್ಣಂದಿರೇ ಮಾನ ಹೋಗುತ್ತೆ ಅಂತ ಮನೆ ಹೆಣ್ಣುಮಕ್ಕಳನ್ನ ಕಡಿದ್ರು. ಅದನ್ನ ವೀರಮರಣ ಅಂತ ಬೋರ್ಡಲ್ಲಿ ಬರೆಯೋ ಮುಂಚೆ ಆ ಹುಡುಗೀರನ್ನ ಯಾರಾದ್ರೂ ಕೇಳಿದ್ರಾ ಅಂತ ಯೋಚನೆ ಮಾಡಿ. ಅಪಹರಣ ಆದವರು ಸರ್ಕಾರಿ ಅಂದಾಜಲ್ಲೇ ಭಾರತದಲ್ಲಿ 50,000 ಮುಸ್ಲಿಂ ಹೆಂಗಸರು, ಪಾಕಿಸ್ತಾನದಲ್ಲಿ 33,000 ಹಿಂದೂ ಸಿಖ್ ಹೆಂಗಸರು. 1947ರ ಡಿಸೆಂಬರಲ್ಲಿ ಎರಡೂ ದೇಶ ಒಪ್ಪಂದ ಮಾಡ್ಕೊಂಡು ಇವರನ್ನ ಹುಡುಕಿ ಹುಡುಕಿ ವಾಪಸ್ ಕಳಿಸೋಕೆ ಶುರು ಮಾಡಿದ್ವು, ಮೃದುಲಾ ಸಾರಾಭಾಯಿ ಅಂಥವರು ಅದಕ್ಕೆ ಹಗಲು ರಾತ್ರಿ ದುಡಿದ್ರು, ಸಾವಿರಾರು ಹೆಣ್ಣುಮಕ್ಕಳಿಗೆ ಅದು ಬಿಡುಗಡೆನೇ. ಆದ್ರೆ 1949ರ ಕಾಯ್ದೆ ಪ್ರಕಾರ 1947ರ ಮಾರ್ಚ್ 1ರ ನಂತರ ಮನೆಯವರಿಂದ ಬೇರೆಯಾಗಿ ಬೇರೆ ಧರ್ಮದವರ ಜೊತೆ ಇರೋ ಹೆಂಗಸು ಯಾವ ವಯಸ್ಸಿನವಳಾದ್ರೂ ಅಪಹರಣ ಆದವಳೇ ಅಂತ ಲೆಕ್ಕ, ಅವಳು ನಾನು ಇಲ್ಲೇ ಇರ್ತೀನಿ ಅಂದ್ರೂ ಆ ಮಾತಿಗೆ ಬೆಲೆ ಇಲ್ಲ, ಕೋರ್ಟಿಗೆ ಹೋಗೋ ದಾರಿನೂ ಹೆಚ್ಚುಕಡಿಮೆ ಮುಚ್ಚಿತ್ತು. ಹುಟ್ಟಿದ ಮಗು ಬಿಟ್ಟು ಎರಡನೇ ಸಲ ಊರು ಬಿಟ್ಟವರು ಎಷ್ಟೋ ಜನ. ಗಡಿ ಎಳೆಯೋವಾಗ ಅವರನ್ನ ಕೇಳಲಿಲ್ಲ, ಗಡಿ ದಾಟಿಸೋವಾಗಲೂ ಕೇಳಲಿಲ್ಲ.

ದಲಿತರ ಕತೆ ಕೂಡ ಈ ಪ್ರದರ್ಶನಗಳಲ್ಲಿ ಕಾಣೆ. ಕರಾಚೀಲಿ ಕಸ ಗುಡಿಸೋ, ಮಲ ಎತ್ತೋ ಕೆಲಸದವರನ್ನ ಅಗತ್ಯ ಸೇವೆಯವರು ಅಂತ ಹೇಳಿ ಭಾರತಕ್ಕೆ ಹೊರಡೋಕೆ ಬಿಡಲಿಲ್ಲ, ಅಂಬೇಡ್ಕರ್ 1947ರ ಡಿಸೆಂಬರಲ್ಲಿ ನೆಹರುಗೆ ಪತ್ರ ಬರೆದು ಇದನ್ನ ಕೇಳಿದ್ರು. ಆ ಅಂಬೇಡ್ಕರ್ ಸಂವಿಧಾನ ಸಭೆಗೆ ಮೊದಲು ಬಂದದ್ದೇ ಬಂಗಾಳದಿಂದ, 1946ರಲ್ಲಿ ಅವರನ್ನ ಅಲ್ಲಿಂದ ಗೆಲ್ಲಿಸಿದ್ದು ಜೋಗೇಂದ್ರನಾಥ ಮಂಡಲ್ ಮತ್ತು ಅವರ ಸಂಗಡಿಗರು, ವಿಭಜನೆ ಆಗಿ ಆ ಸೀಟು ಹೋದಾಗ ಮುಂಬೈನಿಂದ ಮತ್ತೆ ಆರಿಸಿ ಬಂದ್ರು. ಮಂಡಲ್ ಅವರು ಬಂಗಾಳದ ದಲಿತರಾದ ನಾಮಶೂದ್ರ ಸಮಾಜದವರು, ದಲಿತರು ಮುಸ್ಲಿಂ ರೈತರು ಒಂದಾಗಿ ಬಾಳಬಹುದು ಅಂತ ನಂಬಿ ಪಾಕಿಸ್ತಾನದ ಮೊದಲ ಕಾನೂನು ಮಂತ್ರಿ ಆದ್ರು, 1950ರ ಗಲಭೇಲಿ ತಮ್ಮ ಜನರ ಗತಿ ನೋಡಿ ರಾಜೀನಾಮೆ ಕೊಟ್ಟು ಕಲ್ಕತ್ತಾಗೆ ಬಂದ್ಬಿಟ್ರು.

ಆ ನಾಮಶೂದ್ರರು ನಮಗೆ ದೂರದವರಲ್ಲ ಮೇಷ್ಟ್ರೇ. ರಾಯಚೂರು ಜಿಲ್ಲೆ ಸಿಂಧನೂರು ತಾಲೂಕಿನ ಆರ್.ಎಚ್. ಕ್ಯಾಂಪುಗಳಿಗೆ, ಅಂದ್ರೆ ನಿರಾಶ್ರಿತರ ಪುನರ್ವಸತಿ ಕ್ಯಾಂಪುಗಳಿಗೆ, ಹೋಗಿ ನೋಡಿ. ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿ ಕುಟುಂಬಗಳಿಗೆ ಸರ್ಕಾರ ಅಲ್ಲಿ ಜಮೀನು ಕೊಟ್ಟು ನೆಲೆ ಮಾಡಿಸ್ತು, ಅವರಲ್ಲಿ ಬಹಳ ಜನ ನಾಮಶೂದ್ರರು. ತುಂಗಭದ್ರಾ ಕಾಲುವೆ ನೀರಲ್ಲಿ ಭತ್ತ ಬೆಳೀತಾರೆ, ಮನೇಲಿ ಬಂಗಾಳಿ, ಸಂತೇಲಿ ಕನ್ನಡ, ದುರ್ಗಾಪೂಜೆ ಮಾಡ್ತಾರೆ. ಜಾತಿ ಸರ್ಟಿಫಿಕೇಟ್, ಪೌರತ್ವದ ಕಾಗದ ಅಂತ ಅಲೆದಾಟ ಇವತ್ತಿಗೂ ಪೂರ್ತಿ ಮುಗಿದಿಲ್ಲ. ಬೆಂಗಳೂರಲ್ಲಿ ಜೆ.ಸಿ. ರಸ್ತೆ ಹತ್ರ ಸಿಂಧಿ ಕಾಲೋನಿ ಇದೆ. ಪಂಜಾಬ್ ಬಂಗಾಳ ಒಡೆದ್ವು, ಅರ್ಧವಾದ್ರೂ ಈ ಕಡೆ ಉಳೀತು, ಸಿಂಧ್ ಇಡೀ ಪ್ರಾಂತ್ಯವೇ ಆ ಕಡೆ ಹೋಯ್ತು, ಹಾಗಾಗಿ ಸಿಂಧಿ ಹಿಂದೂಗಳಿಗೆ ಇಲ್ಲಿ ತಮ್ಮದು ಅನ್ನೋ ಒಂದು ರಾಜ್ಯವೂ ಸಿಗಲಿಲ್ಲ, ಊರೂರಿಗೆ ಚದುರಿ ಬಟ್ಟೆ ಅಂಗಡಿ ಇಟ್ಟು ಸ್ಕೂಲು ಕಟ್ಟಿ ಬದುಕಿದ್ರು.

ಕಲ್ಯಾಣ ಕರ್ನಾಟಕದ ಮೇಷ್ಟ್ರುಗಳು ಒಂದು ಹೆಜ್ಜೆ ಮುಂದೆ ಹೋಗ್ಬೇಕು ಅಂತ ನನ್ನ ಆಸೆ. ಆಗಸ್ಟ್ 15 ಬಂದಾಗ ನಿಮ್ಮ ಜಿಲ್ಲೆಗಳು ಭಾರತದಲ್ಲೂ ಇಲ್ಲ, ಪಾಕಿಸ್ತಾನದಲ್ಲೂ ಇಲ್ಲ. ನಿಜಾಮನ ಪರ ಇದ್ದ ಖಾಸಿಂ ರಜ್ವಿಯ ಖಾಸಗಿ ಪಡೆ ರಜಾಕಾರರು ಹಳ್ಳಿಗಳಿಗೆ ನುಗ್ಗಿದ್ದು, ಬೀದರ್ ಜಿಲ್ಲೆಯ ಗೋರ್ಟಾದಲ್ಲಿ 1948ರ ಮೇ ತಿಂಗಳಲ್ಲಿ ಆದ ಕೊಲೆ, ಇದು ನಿಮ್ಮ ಕಡೆ ಎಲ್ಲರಿಗೂ ಗೊತ್ತು. ಸೆಪ್ಟೆಂಬರ್ 13ರಿಂದ 17ರವರೆಗೆ ಭಾರತದ ಸೈನ್ಯದ ಪೊಲೀಸ್ ಆಕ್ಷನ್ ಆಗಿ ನಿಜಾಮ ಶರಣಾದದ್ದೂ ಗೊತ್ತು, ಅದರ ಹಬ್ಬನೂ ಮಾಡ್ತೀವಿ, ಮಾಡಬೇಕಾದ್ದೇ. ಆದ್ರೆ ಆ ಐದು ದಿನ ಆದಮೇಲೆ ಬೀದರ್, ಗುಲ್ಬರ್ಗ, ಉಸ್ಮಾನಾಬಾದ್, ನಾಂದೇಡ್ ಕಡೆ ಮುಸ್ಲಿಮರ ಮೇಲೆ ಆದದ್ದನ್ನ ನೋಡಿ ಬರೋಕೆ ಭಾರತ ಸರ್ಕಾರವೇ ಪಂಡಿತ್ ಸುಂದರ್‌ಲಾಲ್ ಸಮಿತಿ ಕಳಿಸ್ತು, ಸತ್ತವರು ಒಟ್ಟು 27,000ದಿಂದ 40,000 ಇರಬಹುದು ಅಂತ ಆ ಸಮಿತಿ ಅಂದಾಜು ಮಾಡ್ತು, ವರದಿ ದಶಕಗಟ್ಟಲೆ ಹೊರಗೇ ಬರಲಿಲ್ಲ. ರಜಾಕಾರರಿಗೂ ಸತ್ತ ಆ ನೇಕಾರ ಕೂಲಿ ಮುಸ್ಲಿಮರಿಗೂ ಏನು ಸಂಬಂಧ? ಗೋರ್ಟಾ ಹೇಳಿ ಇದನ್ನ ಬಿಡಬೇಡಿ, ಇದನ್ನ ಹೇಳಿ ಗೋರ್ಟಾ ಬಿಡಬೇಡಿ.

ಕೊಂದವರ ಜೊತೆ ಕಾಪಾಡಿದವರದ್ದೂ ದಾಖಲೆ ಇದೆ. ಪೂರ್ವ ಪಂಜಾಬ್ ಪೂರ್ತಿ ಮುಸ್ಲಿಮರಿಲ್ಲದ ಹಾಗೆ ಆದಾಗ ಮಲೇರ್‌ಕೋಟ್ಲಾ ಅನ್ನೋ ಒಂದು ಸಂಸ್ಥಾನ ಮಾತ್ರ ಉಳೀತು, ಗುರು ಗೋವಿಂದ ಸಿಂಗರ ಚಿಕ್ಕ ಮಕ್ಕಳನ್ನ ಕೊಲ್ಲಿಸಿದಾಗ ಅಲ್ಲಿನ ಹಿಂದಿನ ನವಾಬ ಇದು ಅನ್ಯಾಯ ಅಂದಿದ್ದ ಅನ್ನೋ ಋಣಕ್ಕೆ ಸಿಖ್ಖರು ಆ ಊರು ಮುಟ್ಟಲಿಲ್ಲ ಅಂತ ಅಲ್ಲಿಯವರು ಹೇಳ್ತಾರೆ. ಗಾಂಧೀಜಿ ಆಗಸ್ಟ್ 15ಕ್ಕೆ ದೆಹಲೀಲಿ ಇರಲಿಲ್ಲ, ಕಲ್ಕತ್ತಾದ ಬೇಲಿಯಾಘಾಟದಲ್ಲಿ ಒಂದು ಹಳೇ ಮನೇಲಿ, ಜನ ಯಾರನ್ನ ಕಲ್ಕತ್ತಾ ಕೊಲೆಗಳ ಹೊಣೆಗಾರ ಅಂತಿದ್ರೋ ಆ ಸುಹ್ರವರ್ದೀನ ಜೊತೆಗೆ ಕೂರಿಸ್ಕೊಂಡು ಉಪವಾಸ ಇದ್ರು. ಸೆಪ್ಟೆಂಬರ್ 1ಕ್ಕೆ ಮತ್ತೆ ಗಲಭೆ ಎದ್ದಾಗ ಉಪವಾಸ ಕೂತು ನಾಲ್ಕೇ ದಿನಕ್ಕೆ ಊರನ್ನ ತಣ್ಣಗೆ ಮಾಡಿದ್ರು. ಅಂದ್ರೆ ತಡೆಯೋಕೆ ಆಗ್ತಿತ್ತು.

ಇನ್ನೊಂದು ವಿಷಯ, ಧರ್ಮ ಒಂದಿದ್ರೆ ದೇಶ ಒಂದಾಗಿರುತ್ತೆ ಅನ್ನೋ ವಾದ ಇಪ್ಪತ್ನಾಲ್ಕು ವರ್ಷದಲ್ಲೇ ಬಿದ್ದು ಹೋಯ್ತು. 1952ರ ಫೆಬ್ರವರಿ 21ಕ್ಕೆ ಢಾಕಾದಲ್ಲಿ ಬಂಗಾಳಿ ಭಾಷೆಗೋಸ್ಕರ ಹುಡುಗರು ಗುಂಡೇಟು ತಿಂದ್ರು, 1971ಕ್ಕೆ ಬಾಂಗ್ಲಾದೇಶ ಆಯ್ತು. ಏಕೀಕರಣಕ್ಕೆ ಹೋರಾಡಿದ ನಮಗೆ ಇದನ್ನ ಬಿಡಿಸಿ ಹೇಳೋದೇ ಬೇಡ. ಅದೇ ಬ್ರಿಟಿಷರು 1920ರ ಕಾಯ್ದೇಲಿ ಐರ್ಲೆಂಡನ್ನೂ ಹೀಗೇ ಧರ್ಮದ ತಲೆ ಎಣಿಸಿ ಆರು ಕೌಂಟಿ ಬೇರೆ ಮಾಡಿ ಬಂದಿದ್ರು ಅಂತ ಒಂದು ಮಾತು ಸೇರಿಸಿದ್ರೆ, ಇದು ನಮ್ಮ ಹಿಂದೂ ಮುಸ್ಲಿಮರ ಹಣೆಬರಹ ಅಲ್ಲ, ಸಾಮ್ರಾಜ್ಯ ಬಿಟ್ಟು ಹೋಗೋ ಒಂದು ರೀತಿ ಅನ್ನೋದೂ ಮಕ್ಕಳಿಗೆ ಹೊಳೆಯುತ್ತೆ.

ಈಗ ನಾನು ಬೇಡೋದು. ಮುಂದಿನ ಆಗಸ್ಟ್ 14ಕ್ಕೆ ಪ್ರದರ್ಶನದ ಮೊದಲ ಬೋರ್ಡ್ ನಕ್ಷೆಯದಾಗಿರಲಿ, ಅದರ ಮೇಲೆ ಜುಲೈ 8, ಆಗಸ್ಟ್ 15, ಆಗಸ್ಟ್ 17 ಅಂತ ಮೂರು ತಾರೀಖು ದೊಡ್ಡದಾಗಿ ಬರೆಸಿ. ಕಲ್ಕತ್ತಾ, ನೌಖಾಲಿ, ಬಿಹಾರ, ರಾವಲ್ಪಿಂಡಿ ಒಂದೇ ಸಾಲಲ್ಲಿ ಬರಲಿ. ಭಾಷಣಕ್ಕೆ ಪಕ್ಷದವರನ್ನ ಕರೆಯೋ ಬದಲು ಸಿಂಧನೂರು ಕ್ಯಾಂಪಿನ ಒಬ್ಬ ಹಿರಿಯರನ್ನ, ಒಬ್ಬ ಸಿಂಧಿ ಅಜ್ಜಿಯನ್ನ ಕರೀರಿ, ಬರೋಕೆ ಆಗದಿದ್ರೆ ಹುಡುಗರನ್ನೇ ಅವರ ಮನೆಗೆ ಕಳಿಸಿ, ಅವರ ಒಪ್ಪಿಗೆ ತಗೊಂಡು ಫೋನಲ್ಲೇ ರೆಕಾರ್ಡ್ ಮಾಡ್ಕೊಂಡು ಬರಲಿ, ಕಾಲೇಜು ಲೈಬ್ರರೀಲಿ ಇಡಿ. 1947ರಲ್ಲಿ ಹತ್ತು ವರ್ಷ ಇದ್ದವರಿಗೆ ಈಗ ತೊಂಬತ್ತರ ಹತ್ರ, ಇದಕ್ಕೆ ಸಮಿತಿ, ಸುತ್ತೋಲೆ ಅಂತ ಕಾಯ್ಬೇಡಿ. ನಕ್ಷೆ, ತಾರೀಖು ಪಟ್ಟಿ ಕನ್ನಡದಲ್ಲಿ ಮಾಡಿಕೊಡೋಕೆ ಇತಿಹಾಸ ಓದೋ ನಮ್ಮಂಥವರು ಬೇಕಾದಷ್ಟು ಜನ ಇದೀವಿ, ದುಡ್ಡು ಬೇಡ, ಹಾಲ್ ಮತ್ತು ಒಂದು ಪೀರಿಯಡ್ ಕೊಟ್ರೆ ಸಾಕು.

ಇಂತಿ,
ಇತಿಹಾಸ ಓದೋ ಒಬ್ಬ ಕನ್ನಡಿಗ